ಓಪಿಯಾಯ್ಡ್ ಪೆಪ್ಟೈಡ್ ರಕ್ತದಿಂದ ಮಿದುಳಿಗೆ ದಾಟುತ್ತದೆಯೇ? ಪ್ರಬಂಧವನ್ನು ಓದಿ ತೀರ್ಮಾನಿಸುವ ಕ್ರಮ

ಬೆಂಗಳೂರಿನ ಫಾರ್ಮಸಿ ಕಾಲೇಜೊಂದರಲ್ಲಿ ಔಷಧಶಾಸ್ತ್ರ ಪಾಠ ಮಾಡುವ ನನ್ನ ಮುಂದೆ ಪ್ರತಿ ವರ್ಷ ಎಂ.ಫಾರ್ಮ್ ಸೆಮಿನಾರುಗಳ ಹೊತ್ತಿಗೆ ಒಂದು ಸ್ಲೈಡು ತಪ್ಪದೆ ಬಂದು ನಿಲ್ಲುತ್ತದೆ. ಅದರಲ್ಲಿ ‘ಪೆಪ್ಟೈಡುಗಳು ಮಿದುಳಿಗೆ ದಾಟುವುದಿಲ್ಲ’ ಎಂದು ಬರೆದಿರುತ್ತದೆ. ಮರುದಿನ ಇನ್ನೊಬ್ಬ ವಿದ್ಯಾರ್ಥಿನಿ ಅಷ್ಟೇ ವಿಶ್ವಾಸದಿಂದ ‘ಈ ಓಪಿಯಾಯ್ಡ್ ಪೆಪ್ಟೈಡ್ ಮಿದುಳಿಗೆ ದಾಟುತ್ತದೆ’ ಎಂದು ಬರೆದು ತರುತ್ತಾಳೆ. (ಪೆಪ್ಟೈಡ್ ಎಂದರೆ ಅಮೈನೋ ಆಮ್ಲಗಳ ಸರ; ಮಾರ್ಫಿನ್‌ನಂತೆ ಕೆಲಸ ಮಾಡುವಂಥದ್ದು ಓಪಿಯಾಯ್ಡ್ ಪೆಪ್ಟೈಡ್.) ಇಬ್ಬರೂ ಓದದೆ ಬಂದವರಲ್ಲ. ಆದರೆ ಓದಿದ್ದು ಬಹುಮಟ್ಟಿಗೆ ಪ್ರಬಂಧದ ಸಾರಾಂಶ ಮಾತ್ರ, ಮತ್ತು ಈ ಪ್ರಶ್ನೆಯ ಉತ್ತರ ಸಾರಾಂಶದಲ್ಲಿ ಇರುವುದಿಲ್ಲ, ಪ್ರಯೋಗದ ವಿಧಾನವನ್ನು ವಿವರಿಸುವ ಪುಟಗಳಲ್ಲಿ ಇರುತ್ತದೆ. ಆ ಪುಟಗಳನ್ನು ಯಾವ ಕ್ರಮದಲ್ಲಿ, ಯಾವ ಪ್ರಶ್ನೆಗಳನ್ನು ಹಿಡಿದು ಓದಬೇಕು ಎಂಬುದನ್ನು ನನ್ನ ವಿದ್ಯಾರ್ಥಿಗಳಿಗೆ ಹೇಳುವ ರೀತಿಯಲ್ಲೇ ಇಲ್ಲಿ ಬರೆಯುತ್ತಿದ್ದೇನೆ.

ಪ್ರಶ್ನೆ ಹುಟ್ಟಿದ ಬಗೆಯನ್ನು ಮೊದಲು ತಿಳಿದಿರಬೇಕು. 1975ರಲ್ಲಿ ಸ್ಕಾಟ್ಲೆಂಡಿನ ಅಬರ್ಡೀನಿನಲ್ಲಿ ಜಾನ್ ಹ್ಯೂಸ್ ಮತ್ತು ಹಾನ್ಸ್ ಕೋಸ್ಟರ್ಲಿಟ್ಸ್ ಅವರ ತಂಡವು ಹಂದಿಯ ಮಿದುಳಿನಿಂದ ಎರಡು ಪುಟ್ಟ ಪೆಪ್ಟೈಡುಗಳನ್ನು ಬೇರ್ಪಡಿಸಿ, ಅವು ಮಾರ್ಫಿನ್ ಹೋಗಿ ಕೂರುವ ಗ್ರಾಹಕಗಳ ಮೇಲೆಯೇ ಕೆಲಸ ಮಾಡುತ್ತವೆ ಎಂದು ತೋರಿಸಿತು. ಮೆಟ್-ಎನ್‌ಕೆಫಲಿನ್ ಮತ್ತು ಲ್ಯೂ-ಎನ್‌ಕೆಫಲಿನ್ ಎಂಬ ಈ ಎರಡರಲ್ಲೂ ಇರುವುದು ತಲಾ ಐದೇ ಅಮೈನೋ ಆಮ್ಲಗಳು. ದೇಹವೇ ತಯಾರಿಸುವ ನೋವು ನಿವಾರಕವನ್ನು ಪ್ರಯೋಗಾಲಯದಲ್ಲಿ ಮಾಡಿ ಸೂಜಿಮದ್ದಾಗಿ ಕೊಡಬಹುದು ಎಂಬ ಆಸೆ ಆಗ ಹುಟ್ಟಿದ್ದು ಸಹಜವೇ ಆಗಿತ್ತು. ಆದರೆ ಇಲಿಯ ಮಿದುಳಿನೊಳಕ್ಕೇ ಚುಚ್ಚಿದಾಗ ಕೆಲವೇ ನಿಮಿಷ ನೋವನ್ನು ತಗ್ಗಿಸಿದ ಎನ್‌ಕೆಫಲಿನ್, ರಕ್ತನಾಳಕ್ಕೆ ಕೊಟ್ಟಾಗ ಅಂಥ ಪರಿಣಾಮವನ್ನು ತೋರಲಿಲ್ಲ. ಅದು ದಾರಿಯಲ್ಲಿ ಎಲ್ಲಿ ಕಳೆದುಹೋಯಿತು ಎಂದು ಹುಡುಕುವುದೇ ಇಲ್ಲಿನ ಕೆಲಸ.

ಓದಲು ಕೂರುವ ಮೊದಲು ‘ದಾಟುತ್ತದೆಯೇ’ ಎಂಬ ಪ್ರಶ್ನೆಯನ್ನು ಬಿಡಿಸಿ ಬರೆದುಕೊಳ್ಳಿ. ಯಾವ ಅಣು? ಯಾವ ಪ್ರಾಣಿ? ದೇಹಕ್ಕೆ ಯಾವ ಮಾರ್ಗದಿಂದ ಕೊಟ್ಟರು? ಮಿದುಳಿನಲ್ಲಿ ಸಿಕ್ಕಿದ್ದು ಇಡೀ ಅಣುವೋ, ಅದರ ಚೂರೋ? ಎಷ್ಟು ಸಿಕ್ಕಿತು, ಎಷ್ಟು ಹೊತ್ತು ಅಲ್ಲಿ ಉಳಿಯಿತು? ಐದು ಅಮೈನೋ ಆಮ್ಲಗಳ ಎನ್‌ಕೆಫಲಿನ್, 31 ಅಮೈನೋ ಆಮ್ಲಗಳ ಬೀಟಾ-ಎಂಡಾರ್ಫಿನ್, ಕಪ್ಪೆಯ ಚರ್ಮದಲ್ಲಿ ದೊರೆತ ಏಳರ ಡರ್ಮಾರ್ಫಿನ್ ಇವೆಲ್ಲಕ್ಕೂ ಓಪಿಯಾಯ್ಡ್ ಪೆಪ್ಟೈಡ್ ಎಂಬ ಹೆಸರೇ ಇದ್ದರೂ ಒಂದರ ಉತ್ತರ ಇನ್ನೊಂದಕ್ಕೆ ಸಲ್ಲುವುದಿಲ್ಲ. ಪೆಪ್ಟೈಡುಗಳ ಬಗ್ಗೆ ಒಟ್ಟಾರೆಯಾಗಿ ಬರೆದ ಯಾವ ವಾಕ್ಯವನ್ನೂ ನಾನು ಒಪ್ಪುವುದಿಲ್ಲ.

ರಕ್ತದಲ್ಲಿ ಉಳಿಯುತ್ತದೆಯೇ ಎಂದು ಮೊದಲು ನೋಡಿ

ಬಹುತೇಕ ವಿದ್ಯಾರ್ಥಿಗಳು ನೇರವಾಗಿ ರಕ್ತಕ್ಕೂ ಮಿದುಳಿಗೂ ನಡುವಿನ ತಡೆಗೋಡೆಯ ವಿಚಾರಕ್ಕೆ ಹೋಗುತ್ತಾರೆ. ನನ್ನ ಅನುಭವದಲ್ಲಿ ಅದು ತಪ್ಪು ಆರಂಭ, ಏಕೆಂದರೆ ಗೋಡೆಯ ಬುಡ ತಲುಪುವ ಮೊದಲೇ ತುಂಡಾಗುವ ಅಣುವಿನ ವಿಷಯದಲ್ಲಿ ಗೋಡೆಯ ಚರ್ಚೆಗೆ ಅರ್ಥವಿಲ್ಲ.

ಒಂದು ಹಾಳೆಯ ಮೇಲೆ ಅಣುವಿನ ಸರಣಿಯನ್ನು ಬರೆಯಿರಿ. ಲ್ಯೂ-ಎನ್‌ಕೆಫಲಿನ್ ಆದರೆ ಟೈರೋಸಿನ್, ಗ್ಲೈಸಿನ್, ಗ್ಲೈಸಿನ್, ಫೀನೈಲ್‌ಅಲನಿನ್, ಲ್ಯೂಸಿನ್. ಈಗ ಕೆಂಪು ಪೆನ್ನಿನಿಂದ ಕಿಣ್ವಗಳು ಕತ್ತರಿಸುವ ಜಾಗಗಳನ್ನು ಗುರುತು ಮಾಡಿ. ಅಮೈನೋಪೆಪ್ಟಿಡೇಸ್ ಕಿಣ್ವಗಳು ಮೊದಲ ಟೈರೋಸಿನ್ ಮತ್ತು ಎರಡನೆಯ ಗ್ಲೈಸಿನ್ ನಡುವೆ ಕತ್ತರಿಸುತ್ತವೆ. ನೆಪ್ರಿಲೈಸಿನ್ ಮೂರನೆಯ ಗ್ಲೈಸಿನ್ ಮತ್ತು ಫೀನೈಲ್‌ಅಲನಿನ್ ನಡುವೆ ಕತ್ತರಿಸುತ್ತದೆ. ಮೊದಲ ಟೈರೋಸಿನ್ ಕಳಚಿತೆಂದರೆ ಉಳಿದ ನಾಲ್ಕರ ತುಂಡು ಓಪಿಯಾಯ್ಡ್ ಗ್ರಾಹಕವನ್ನು ಹಿಡಿಯಲಾರದು. ರಕ್ತದಲ್ಲಿ ಎನ್‌ಕೆಫಲಿನ್ ಬದುಕುವುದು ನಿಮಿಷಗಳ ಲೆಕ್ಕದಲ್ಲಿ ಮಾತ್ರ.

ಇನ್ನು ಕೈಯಲ್ಲಿರುವ ಔಷಧದ ರಚನೆಯನ್ನು ಅದರ ಪಕ್ಕದಲ್ಲಿ ಬರೆದು, ಕೆಂಪು ಗುರುತುಗಳಿರುವ ಕಡೆ ರಸಾಯನಶಾಸ್ತ್ರಜ್ಞರು ಏನು ಬದಲಿಸಿದ್ದಾರೆ ಎಂದು ಹೋಲಿಸಿ. ಎರಡನೆಯ ಸ್ಥಾನದ ಗ್ಲೈಸಿನ್ ಬದಲಿಗೆ ಡಿ-ಅಲನಿನ್ ಇಟ್ಟರೆ ಅಮೈನೋಪೆಪ್ಟಿಡೇಸ್‌ಗೆ ಹಿಡಿತ ಸಿಗುವುದಿಲ್ಲ, ಏಕೆಂದರೆ ಈ ಕಿಣ್ವಗಳು ರೂಢಿಯಾಗಿ ಕತ್ತರಿಸುವುದು ಎಲ್-ರೂಪದ ಅಮೈನೋ ಆಮ್ಲಗಳನ್ನು, ಡಿ-ರೂಪ ಅವುಗಳ ಕನ್ನಡಿಬಿಂಬ. ಡಾಮ್‌ಗೋ, ಮೆಟ್ಕೆಫಮಿಡ್ ಮುಂತಾದವು ಹೀಗೆ ಹುಟ್ಟಿದ ಅಣುಗಳು. 1983ರಲ್ಲಿ ಹೆನ್ರಿ ಮೋಸ್‌ಬರ್ಗ್, ವಿಕ್ಟರ್ ಹ್ರೂಬಿ ಮತ್ತು ಸಂಗಡಿಗರು ಎರಡನೆಯ ಹಾಗೂ ಐದನೆಯ ಸ್ಥಾನಗಳಲ್ಲಿ ಪೆನಿಸಿಲಮಿನ್ ಎಂಬ ಗಂಧಕವಿರುವ ಅಮೈನೋ ಆಮ್ಲವನ್ನು ಇಟ್ಟು, ಅವುಗಳ ನಡುವೆ ಗಂಧಕದ ಸೇತುವೆ ಕಟ್ಟಿ ಅಣುವನ್ನು ಉಂಗುರವಾಗಿಸಿದರು, ಅದೇ ಡಿಪಿಡಿಪಿಇ. ಕಿಣ್ವಗಳ ಹೊಡೆತವನ್ನು ಅದು ಬಹಳ ಚೆನ್ನಾಗಿ ತಡೆದುಕೊಳ್ಳುತ್ತದೆ. ಈ ಉಪಾಯವನ್ನು ಪ್ರಕೃತಿ ಮೊದಲೇ ಕಂಡುಕೊಂಡಿತ್ತು ಎಂಬುದು ನನಗೆ ಇಂದಿಗೂ ಬೆರಗಿನ ಸಂಗತಿ: ಇಟಲಿಯ ವಿತ್ತೋರಿಯೋ ಎರ್ಸ್‌ಪಾಮೆರ್ ಅವರ ತಂಡವು 1980ರ ದಶಕದ ಆರಂಭದಲ್ಲಿ ದಕ್ಷಿಣ ಅಮೆರಿಕದ ಮರಗಪ್ಪೆಯ ಚರ್ಮದಿಂದ ತೆಗೆದ ಡರ್ಮಾರ್ಫಿನ್‌ನ ಎರಡನೆಯ ಸ್ಥಾನದಲ್ಲಿ ಇದ್ದದ್ದು ಡಿ-ಅಲನಿನ್ನೇ.

ಪ್ರಬಂಧದಲ್ಲಿ ಇದಕ್ಕೆ ಸಾಕ್ಷಿಯಾಗಿ ಒಂದು ಸರಳ ಪ್ರಯೋಗ ಇರಬೇಕು. 37 ಡಿಗ್ರಿಯಲ್ಲಿಟ್ಟ ಪ್ಲಾಸ್ಮಾದಲ್ಲಿ ಔಷಧವನ್ನು ಬೆರೆಸಿ, ಗೊತ್ತಾದ ಅಂತರದಲ್ಲಿ ಸ್ವಲ್ಪ ಸ್ವಲ್ಪ ತೆಗೆದು, ಇಡಿಯಾಗಿ ಉಳಿದದ್ದೆಷ್ಟು ಎಂದು ಅಳೆದಿರಬೇಕು. ಆ ಪ್ಲಾಸ್ಮಾ ಇಲಿಯದೋ ಮನುಷ್ಯನದೋ ಎಂದು ಗಮನಿಸಿ, ಎರಡರ ಕಿಣ್ವ ಚಟುವಟಿಕೆ ಒಂದೇ ಸಮನಲ್ಲ.

ಗೋಡೆಯ ಸ್ವರೂಪವನ್ನು ಅರಿತು ಅಣುವನ್ನು ಅಳೆಯಿರಿ

1885ರಲ್ಲಿ ಪಾಲ್ ಎರ್ಲಿಕ್ ಪ್ರಾಣಿಗಳ ರಕ್ತಕ್ಕೆ ಬಣ್ಣ ಸೇರಿಸಿದಾಗ ಉಳಿದ ಅಂಗಗಳೆಲ್ಲ ಬಣ್ಣ ಹೀರಿಕೊಂಡರೂ ಮಿದುಳು ಬೆಳ್ಳಗೇ ಉಳಿಯಿತು. ಆ ತಡೆ ನಿಖರವಾಗಿ ಎಲ್ಲಿದೆ ಎಂಬುದು 1967ರಲ್ಲಿ ಟಾಮ್ ರೀಸ್ ಮತ್ತು ಮಾರಿಸ್ ಕಾರ್ನೋವ್‌ಸ್ಕಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಇಲಿಯ ಮಿದುಳಿನ ಲೋಮನಾಳಗಳನ್ನು ನೋಡಿದಾಗ ಸ್ಪಷ್ಟವಾಯಿತು. ಆ ಚಿತ್ರಗಳನ್ನು ಒಮ್ಮೆ ಸಾವಧಾನವಾಗಿ ನೋಡಿ ಎಂದು ವಿದ್ಯಾರ್ಥಿಗಳಿಗೆ ಹೇಳುತ್ತೇನೆ. ನಾಳದ ಒಳಗೋಡೆಯನ್ನು ಹಾಸಿರುವ ಕೋಶಗಳು ಅಂಚಿಗೆ ಅಂಚು ಸೇರುವಲ್ಲಿ ದಾರಿಯೇ ಇಲ್ಲದಂತೆ ಬೆಸೆದುಕೊಂಡಿರುತ್ತವೆ; ರಕ್ತಕ್ಕೆ ಸೇರಿಸಿದ ಗುರುತಿನ ಪ್ರೋಟೀನು ಕಪ್ಪು ಮಸಿಯಂತೆ ಆ ಬೆಸುಗೆಯವರೆಗೆ ಬಂದು ಅಲ್ಲಿಯೇ ನಿಂತುಬಿಡುತ್ತದೆ. ಉಳಿದ ಅಂಗಗಳಲ್ಲಿ ಔಷಧವು ಕೋಶಗಳ ಸಂದಿಯಲ್ಲಿ ಸೋರಿ ಹೋಗಬಹುದು. ಮಿದುಳಿನಲ್ಲಿ ಅದು ಕೋಶದ ಮೂಲಕವೇ ಹಾದುಹೋಗಬೇಕು.

ಹಾಗೆ ಹಾದುಹೋಗಲು ಮುಖ್ಯವಾದ ಒಂದು ದಾರಿ, ಕೋಶದ ಕೊಬ್ಬಿನ ಪೊರೆಯಲ್ಲಿ ಕರಗುವುದು. ಮಾರ್ಫಿನ್‌ನ ಅಣುತೂಕ 285 ಡಾಲ್ಟನ್, ಫೆಂಟನಿಲ್‌ನದು 336. ಲ್ಯೂ-ಎನ್‌ಕೆಫಲಿನ್ 556, ಡಿಪಿಡಿಪಿಇ 646, ಡರ್ಮಾರ್ಫಿನ್ 803, ಬೀಟಾ-ಎಂಡಾರ್ಫಿನ್ 3,400ಕ್ಕೂ ಹೆಚ್ಚು. ಮಿದುಳಿಗಾಗಿ ಔಷಧ ವಿನ್ಯಾಸ ಮಾಡುವವರು ಸಾಮಾನ್ಯವಾಗಿ 400ರಿಂದ 450ರ ಒಳಗಿರಲು ಬಯಸುತ್ತಾರೆ. ಆದರೆ ತೂಕಕ್ಕಿಂತ ಮುಖ್ಯವಾದದ್ದು ಜಲಜನಕ ಬಂಧಗಳ ಎಣಿಕೆ. ಪ್ರತಿ ಪೆಪ್ಟೈಡ್ ಬಂಧವೂ ನೀರಿನ ಅಣುಗಳನ್ನು ಅಂಟಿಸಿಕೊಂಡಿರುತ್ತದೆ, ಅವನ್ನು ಕಳಚಿಟ್ಟೇ ಕೊಬ್ಬಿನೊಳಗೆ ಇಳಿಯಬೇಕು, ಮತ್ತು ಕಳಚುವ ಪ್ರತಿಯೊಂದಕ್ಕೂ ಶಕ್ತಿ ಬೇಕು. ಇದರ ಪ್ರಭಾವ ಎಷ್ಟೆಂದು ತಿಳಿಯಲು ಪೆಪ್ಟೈಡ್ ಅಲ್ಲದ ಒಂದು ಉದಾಹರಣೆಯೇ ಸಾಕು. 1972ರಲ್ಲಿ ವಿಲಿಯಂ ಓಲ್ಡೆನ್‌ಡಾರ್ಫ್ ಮತ್ತು ಸಂಗಡಿಗರು ಇಲಿಯ ಕುತ್ತಿಗೆಯ ಕ್ಯಾರೋಟಿಡ್ ಅಪಧಮನಿಗೆ ಔಷಧ ಚುಚ್ಚಿ, ಕ್ಷಣಗಳೊಳಗೆ ಮಿದುಳು ಹೀರಿಕೊಂಡದ್ದೆಷ್ಟು ಎಂದು ನೋಡಿದರು. ಹೆರಾಯಿನ್ ನೂರಕ್ಕೆ 68, ಮೆಥಡೋನ್ 42, ಕೊಡೀನ್ 24ರಷ್ಟು ಹೋಗಿದ್ದವು. ಮಾರ್ಫಿನ್ ಅಳತೆಗೇ ಸಿಗದಷ್ಟು ಕಡಿಮೆ ಇತ್ತು. ಹೆರಾಯಿನ್‌ಗೂ ಮಾರ್ಫಿನ್‌ಗೂ ಇರುವ ವ್ಯತ್ಯಾಸ ಎರಡು ಹೈಡ್ರಾಕ್ಸಿಲ್ ಗುಂಪುಗಳನ್ನು ಅಸಿಟೈಲ್‌ನಿಂದ ಮುಚ್ಚಿದ್ದಷ್ಟೇ. ಎರಡು ಗುಂಪುಗಳೇ ಇಷ್ಟು ಅಂತರ ತರುವುದಾದರೆ, ಐದು ಅಮೈನೋ ಆಮ್ಲಗಳ ಸರದಲ್ಲಿ ಅಂಥವು ಎಷ್ಟಿವೆ ಎಂದು ನೀವೇ ಎಣಿಸಿ ನೋಡಿ.

ಎಣಿಸಿದ ಕೂಡಲೇ ‘ಹಾಗಾದರೆ ದಾಟುವುದೇ ಇಲ್ಲ’ ಎಂದು ಬರೆಯಬೇಡಿ. ಮಾರ್ಫಿನ್ ನಿಧಾನವಾಗಿ, ಸ್ವಲ್ಪವೇ ಹೋದರೂ ನೋವನ್ನು ತಗ್ಗಿಸುತ್ತದೆ. ಗ್ರಾಹಕವನ್ನು ಬಲವಾಗಿ ಹಿಡಿಯಬಲ್ಲ ಪೆಪ್ಟೈಡಿಗೆ ಅತ್ಯಲ್ಪ ಪ್ರಮಾಣವೂ ಸಾಕಾಗಬಹುದು. ಪೆಪ್ಟೈಡುಗಳು ದಾಟುತ್ತವೆ ಎಂದು ದಶಕಗಳ ಕಾಲ ವಾದಿಸಿದ ಆಬಾ ಕಾಸ್ಟಿನ್ ಮತ್ತು ವಿಲಿಯಂ ಬ್ಯಾಂಕ್ಸ್ ಅವರ ನಿಲುವಿನ ತಿರುಳೂ ಇದೇ. ಅರಿಜೋನಾದ ರಾಬಿನ್ ಪೋಲ್ಟ್ ಅವರ ತಂಡವು ಎನ್‌ಕೆಫಲಿನ್ ಮಾದರಿಯ ಪೆಪ್ಟೈಡಿಗೆ ಸಕ್ಕರೆಯ ಅಣುವನ್ನು ಜೋಡಿಸಿ, ನೀರಿನಲ್ಲಿ ಇನ್ನಷ್ಟು ಕರಗುವ ಅಣುವೇ ಮಿದುಳಿಗೆ ಹೆಚ್ಚು ಹೋಗುವಂತೆ ಮಾಡಿದ್ದನ್ನು ಓದಿದರೆ, ಕೊಬ್ಬಿನಲ್ಲಿ ಕರಗುವುದೊಂದೇ ದಾರಿಯಲ್ಲ ಎಂಬುದು ಮನದಟ್ಟಾಗುತ್ತದೆ.

ಗೋಡೆಗೆ ಒಳಗಿನಿಂದ ಹೊರದೂಡುವ ವ್ಯವಸ್ಥೆಯೂ ಇದೆ. ಪಿ-ಗ್ಲೈಕೋಪ್ರೋಟೀನ್ ಎಂಬ ಪಂಪು ಪೊರೆಯೊಳಗೆ ಕಾಲಿಟ್ಟ ಅಣುವನ್ನು ಹಿಡಿದು ಮತ್ತೆ ರಕ್ತಕ್ಕೆ ಸಾಗಹಾಕುತ್ತದೆ. ಭೇದಿಗೆ ಔಷಧದ ಅಂಗಡಿಯಲ್ಲಿ ಕೊಳ್ಳುವ ಲೋಪೆರಮೈಡ್ ಒಂದು ಓಪಿಯಾಯ್ಡ್. ಕೊಬ್ಬಿನಲ್ಲಿ ಚೆನ್ನಾಗಿ ಕರಗುವ ಅದು ಸಾಮಾನ್ಯ ಪ್ರಮಾಣದಲ್ಲಿ ತಲೆಗೇರದಿರುವುದಕ್ಕೆ ಈ ಪಂಪೇ ಮುಖ್ಯ ಕಾರಣ. ಡಿಪಿಡಿಪಿಇ ಕೂಡ ಇದೇ ಪಂಪಿಗೆ ಸಿಕ್ಕಿಬೀಳುತ್ತದೆ. ಆದ್ದರಿಂದ ಪಂಪಿನ ಜೀನನ್ನು ತೆಗೆದ ಇಲಿಯಲ್ಲಿ, ಇಲ್ಲವೇ ಪಂಪನ್ನು ತಡೆಯುವ ಔಷಧ ಕೊಟ್ಟು ಪ್ರಯೋಗ ಮಾಡಿದ್ದಾರೆಯೇ ಎಂದು ಹುಡುಕಿ. ಮೆಟ್-ಎನ್‌ಕೆಫಲಿನ್‌ನ ಕಥೆ ಇನ್ನೂ ಬೇರೆ: ಅದನ್ನು ಮಿದುಳಿನಿಂದ ರಕ್ತದ ಕಡೆಗೆ ಸಾಗಿಸುವ ವಾಹಕವನ್ನೇ ಕಾಸ್ಟಿನ್ ಮತ್ತು ಬ್ಯಾಂಕ್ಸ್ ವಿವರಿಸಿದ್ದಾರೆ.

ಮಿದುಳಿನಲ್ಲಿ ಅಳೆದದ್ದು ಏನನ್ನು?

ಪ್ರಬಂಧದ ನಿಜವಾದ ಪರೀಕ್ಷೆ ಇರುವುದು ಇಲ್ಲಿ, ನಿಮ್ಮ ಸಮಯದ ದೊಡ್ಡ ಪಾಲನ್ನು ಇಲ್ಲಿಯೇ ಕಳೆಯಿರಿ.

ಸಾಮಾನ್ಯ ವಿಧಾನ ಹೀಗಿರುತ್ತದೆ: ಇಲಿಗೆ ಔಷಧ ಕೊಟ್ಟು, ಗೊತ್ತಾದ ಹೊತ್ತಿಗೆ ಮಿದುಳನ್ನು ಹೊರತೆಗೆದು, ಅರೆದು, ಅದರಲ್ಲಿ ಔಷಧ ಎಷ್ಟಿದೆ ಎಂದು ಅಳೆಯುತ್ತಾರೆ. ಅರೆದ ಮಿದುಳಿನಲ್ಲಿ ಬರೀ ಮಿದುಳು ಇರುವುದಿಲ್ಲ, ಅದರ ನಾಳಗಳಲ್ಲಿ ನಿಂತ ರಕ್ತವೂ ಇರುತ್ತದೆ. ಆ ರಕ್ತದ ಗಾತ್ರ ಸುಮಾರು ನೂರಕ್ಕೆ ಒಂದರಿಂದ ಎರಡು ಪಾಲು. ಲೆಕ್ಕಕ್ಕಾಗಿ ಒಂದೂವರೆ ಪಾಲು ಎಂದಿಟ್ಟುಕೊಳ್ಳಿ. ರಕ್ತದ ಒಂದು ಮಿಲಿಲೀಟರಿನಲ್ಲಿ 1,000 ನ್ಯಾನೋಗ್ರಾಂ ಔಷಧವಿದ್ದರೆ, ಒಂದೇ ಒಂದು ಅಣುವೂ ಗೋಡೆ ದಾಟದಿದ್ದರೂ ಒಂದು ಗ್ರಾಂ ಮಿದುಳಿನಲ್ಲಿ ಸುಮಾರು 15 ನ್ಯಾನೋಗ್ರಾಂ ಕಂಡುಬರುತ್ತದೆ. ಪೆಪ್ಟೈಡುಗಳ ವಿಷಯದಲ್ಲಿ ವರದಿಯಾಗುವ ಅಂಕಿಗಳು ಹಲವು ಸಲ ಇದೇ ಮಟ್ಟದಲ್ಲಿರುವುದರಿಂದ ಈ ಲೆಕ್ಕವನ್ನು ಮಾಡದೆ ಮುಂದೆ ಹೋಗಲೇಬಾರದು. ಜತೆಯಲ್ಲಿ ಆಲ್ಬುಮಿನ್ ಅಥವಾ ಸುಕ್ರೋಸ್‌ನಂಥ, ಸುಲಭಕ್ಕೆ ದಾಟದ ವಸ್ತುವನ್ನು ಕೊಟ್ಟು ರಕ್ತದ ಪಾಲನ್ನು ಕಳೆದಿದ್ದಾರೆಯೇ? ಮಿದುಳನ್ನು ತೆಗೆಯುವ ಮೊದಲು ನಾಳಗಳನ್ನು ಉಪ್ಪುನೀರಿನ ದ್ರಾವಣದಿಂದ ತೊಳೆದಿದ್ದಾರೆಯೇ?

ರಕ್ತವನ್ನು ತೊಳೆದರೂ ಒಂದು ಸಂಶಯ ಉಳಿಯುತ್ತದೆ. ಔಷಧವು ನಾಳದ ಗೋಡೆಗೇ ಅಂಟಿಕೊಂಡು ಅಥವಾ ಆ ಕೋಶಗಳೊಳಗೆ ಸಿಕ್ಕಿಕೊಂಡು ಮಿದುಳಿನ ಅಂಗಾಂಶವನ್ನು ತಲುಪದೇ ಇರಬಹುದು. ಇದಕ್ಕಾಗಿ 1990ರಿಂದ ಬಳಕೆಯಲ್ಲಿರುವ ಒಂದು ಕ್ರಮವಿದೆ: ಅರೆದ ಮಿದುಳನ್ನು ಡೆಕ್ಸ್‌ಟ್ರಾನ್ ದ್ರಾವಣದಲ್ಲಿ ಬೆರೆಸಿ ಸೆಂಟ್ರಿಫ್ಯೂಜಿನಲ್ಲಿ ತಿರುಗಿಸುತ್ತಾರೆ, ಲೋಮನಾಳಗಳ ತುಣುಕುಗಳು ತಳದಲ್ಲಿ ಸಣ್ಣ ಗುಳಿಗೆಯಂತೆ ಕೂರುತ್ತವೆ, ನಾಳಗಳಿಲ್ಲದ ಮಿದುಳಿನ ಭಾಗ ಮೇಲೆ ಉಳಿಯುತ್ತದೆ. ಔಷಧ ಮೇಲಿನ ಭಾಗದಲ್ಲಿ ಸಿಕ್ಕಿದರೆ ಮಾತ್ರ ದಾಟಿತು ಎನ್ನಬಹುದು.

ಇದಕ್ಕಿಂತ ಅಪಾಯಕಾರಿಯಾದ ತಪ್ಪು ವಿಕಿರಣದ ಗುರುತಿನಿಂದ ಆಗುವುದು. ಪೆಪ್ಟೈಡಿನ ಟೈರೋಸಿನ್‌ಗೆ ಟ್ರೀಟಿಯಂ (ವಿಕಿರಣಶೀಲ ಜಲಜನಕ) ಅಥವಾ ವಿಕಿರಣಶೀಲ ಅಯೋಡಿನ್ ಸೇರಿಸಿ ಮಿದುಳಿನಲ್ಲಿ ಅದರ ಎಣಿಕೆ ನೋಡುವುದು ಹಳೆಯ, ಅಗ್ಗದ ವಿಧಾನ. ಆದರೆ ರಕ್ತದಲ್ಲಿ ಮೊದಲು ಕಳಚಿಕೊಳ್ಳುವುದು ಅದೇ ಟೈರೋಸಿನ್. ಟ್ರೀಟಿಯಂ ಹೊತ್ತು ಬಿಡಿಯಾದ ಟೈರೋಸಿನ್‌ಗೆ ಮಿದುಳಿನ ಬಾಗಿಲು ತೆರೆದೇ ಇರುತ್ತದೆ. ದೊಡ್ಡ ತಟಸ್ಥ ಅಮೈನೋ ಆಮ್ಲಗಳನ್ನು ಒಳಗೊಯ್ಯುವ ವಾಹಕವು ಅದನ್ನು ಸರಾಗವಾಗಿ ದಾಟಿಸುತ್ತದೆ. ಆಗ ಯಂತ್ರವು ಎಣಿಸುವುದು ಪೆಪ್ಟೈಡನ್ನಲ್ಲ, ಅದರ ಅವಶೇಷವನ್ನು. ಸೆಮಿನಾರಿನಲ್ಲಿ ನಾನು ಕೇಳುವ ಮೊದಲ ಪ್ರಶ್ನೆ ಸಾಮಾನ್ಯವಾಗಿ ಇದೇ: ‘ಗುರುತು ಎಲ್ಲಿತ್ತು, ಮತ್ತು ಮಿದುಳಿನಲ್ಲಿ ಸಿಕ್ಕಿದ್ದು ಇಡೀ ಅಣುವೇ ಎಂದು, ಅಣುಗಳನ್ನು ಬೇರ್ಪಡಿಸಿ ಗುರುತಿಸುವ ಎಚ್‌ಪಿಎಲ್‌ಸಿಯಿಂದಲೋ ಮಾಸ್ ಸ್ಪೆಕ್ಟ್ರೋಮೆಟ್ರಿಯಿಂದಲೋ ತೋರಿಸಿದ್ದಾರೆಯೇ?’ ತೋರಿಸಿಲ್ಲದಿದ್ದರೆ ಆ ಅಂಕಿಯನ್ನು ನಾನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಇಡೀ ಅಣುವೇ ಸಿಕ್ಕಿದರೂ ಅದರಲ್ಲಿ ಬಂಧನವಿಲ್ಲದೆ ಬಿಡಿಯಾಗಿರುವ ಪಾಲು ಮಾತ್ರ ಗ್ರಾಹಕವನ್ನು ತಲುಪಬಲ್ಲದು. ಹಾಗಾಗಿ ಇಂದಿನ ಒಳ್ಳೆಯ ಪ್ರಬಂಧಗಳು ಮಿದುಳಿನ ಬಿಡಿ ಪ್ರಮಾಣವನ್ನು ರಕ್ತದ ಬಿಡಿ ಪ್ರಮಾಣದಿಂದ ಭಾಗಿಸಿದ ಅನುಪಾತವನ್ನು ಕೊಡುತ್ತವೆ. ಮಿದುಳಿನಲ್ಲಿ ನೆಟ್ಟ ಸಣ್ಣ ಕೊಳವೆಯ ಮೂಲಕ ದ್ರವವನ್ನು ಸಂಗ್ರಹಿಸುವ ಮೈಕ್ರೋಡಯಾಲಿಸಿಸ್ ಇದಕ್ಕೆ ಬಳಕೆಯಲ್ಲಿರುವ ವಿಧಾನ. ಅನುಪಾತ ಒಂದರ ಹತ್ತಿರವಿದ್ದರೆ ತಡೆ ಇಲ್ಲವೆಂದೂ, ಒಂದಕ್ಕಿಂತ ಬಹಳ ಕೆಳಗಿದ್ದರೆ ಹೊರದೂಡುವ ಕೆಲಸ ನಡೆದಿದೆ ಎಂದೂ ಸ್ಥೂಲವಾಗಿ ತಿಳಿಯಬಹುದು. ಡಾಮ್‌ಗೋಗೆ ಇಲಿಯಲ್ಲಿ ಈ ಅನುಪಾತ ಹತ್ತರಲ್ಲಿ ಒಂದು ಪಾಲಿನ ಆಸುಪಾಸಿನಲ್ಲಿದೆ. ತಟ್ಟೆಯಲ್ಲಿ ಬೆಳೆಸಿದ ಕೋಶಗಳ ಪದರದ ಮೇಲೆ ಮಾಡಿದ ಪ್ರಯೋಗಗಳು ಅಣುಗಳನ್ನು ಪರಸ್ಪರ ಹೋಲಿಸಲು ಉಪಯುಕ್ತ, ಆದರೆ ಬಹುಪಾಲು ಕೋಶಪದರಗಳ ಬೆಸುಗೆ ಜೀವಂತ ಮಿದುಳಿನಷ್ಟು ಬಿಗಿಯಿರುವುದಿಲ್ಲ.

ಪರಿಣಾಮವನ್ನು ಸಾಕ್ಷಿಯೆಂದು ನಂಬುವ ಮೊದಲು

‘ಇಲಿ ಬಿಸಿ ತಟ್ಟೆಯ ಮೇಲೆ ಹೆಚ್ಚು ಹೊತ್ತು ನಿಂತಿತು, ಆದ್ದರಿಂದ ಔಷಧ ಮಿದುಳಿಗೆ ಹೋಗಿದೆ’ ಎಂಬ ವಾದವನ್ನು ನಿಧಾನವಾಗಿ ಪರಿಶೀಲಿಸಿ. ಓಪಿಯಾಯ್ಡ್ ಗ್ರಾಹಕಗಳು ಮಿದುಳಿನಾಚೆ, ಕೈಕಾಲಿನ ನರಗಳ ತುದಿಯಲ್ಲೂ ಕರುಳಿನಲ್ಲೂ ಇವೆ. ಊತವಿರುವ ಜಾಗದಲ್ಲಿ ನೋವು ತಗ್ಗಲು ಔಷಧ ಮಿದುಳಿಗೆ ಹೋಗಬೇಕೆಂದೇನಿಲ್ಲ. ಓಪಿಯಾಯ್ಡ್ ಗ್ರಾಹಕಗಳನ್ನು ತಡೆಹಿಡಿಯುವ ನ್ಯಾಲೊಕ್ಸೋನ್ ಕೊಟ್ಟಾಗಲೂ, ಮಿದುಳಿಗೆ ಸುಲಭವಾಗಿ ಹೋಗದ ನ್ಯಾಲೊಕ್ಸೋನ್ ಮೆಥಿಯೋಡೈಡ್ ಕೊಟ್ಟಾಗಲೂ ಪರಿಣಾಮ ಒಂದೇ ರೀತಿ ಅಳಿಸಿಹೋದರೆ ಕೆಲಸ ಹೊರಗೇ ನಡೆದಿದೆ ಎಂದರ್ಥ; ಮೊದಲನೆಯದು ಮಾತ್ರ ಅಳಿಸಿದರೆ ಮಿದುಳು ಅಥವಾ ಬೆನ್ನುಹುರಿಯಲ್ಲಿ ನಡೆದಿರಬಹುದು. ಮಿದುಳಿನೊಳಕ್ಕೆ ಚುಚ್ಚಿದಾಗ ಬೇಕಾದ ಪ್ರಮಾಣಕ್ಕೂ ರಕ್ತನಾಳಕ್ಕೆ ಕೊಟ್ಟಾಗ ಬೇಕಾದ ಪ್ರಮಾಣಕ್ಕೂ ಎಷ್ಟು ಪಟ್ಟು ಅಂತರವಿದೆ ಎಂಬುದನ್ನೂ ಬರೆದುಕೊಳ್ಳಿ.

ಮನುಷ್ಯರ ಮೇಲಿನ ಪ್ರಯೋಗಗಳಲ್ಲಿ ಇನ್ನೊಂದು ಎಡವುವ ಜಾಗವಿದೆ. ಮಿದುಳಿನ ಕೆಲವು ಸಣ್ಣ ಭಾಗಗಳಿಗೆ ಈ ತಡೆಯೇ ಇಲ್ಲ. ವಾಂತಿಯನ್ನು ಪ್ರಚೋದಿಸುವ ಏರಿಯಾ ಪೋಸ್ಟ್ರೀಮಾ, ಪಿಟ್ಯುಟರಿ ಗ್ರಂಥಿಗೆ ಸಂದೇಶ ಕಳಿಸುವ ಮೀಡಿಯನ್ ಎಮಿನೆನ್ಸ್ ಅಂಥವು. 1970ರ ದಶಕದ ಕೊನೆಯಲ್ಲಿ ಸ್ಯಾಂಡೋಜ್ ಕಂಪನಿಯ ಎಫ್‌ಕೆ 33-824 ಎಂಬ ಎನ್‌ಕೆಫಲಿನ್ ಮಾದರಿಯ ಔಷಧವನ್ನು ಸ್ವಯಂಸೇವಕರಿಗೆ ಕೊಟ್ಟಾಗ ರಕ್ತದಲ್ಲಿ ಪಿಟ್ಯುಟರಿಯ ಹಾರ್ಮೋನಾದ ಪ್ರೊಲ್ಯಾಕ್ಟಿನ್ ಏರಿತು, ಕೈಕಾಲು ಭಾರವಾದಂತೆ ಅನಿಸಿತು. ಪ್ರೊಲ್ಯಾಕ್ಟಿನ್ ಏರಿಕೆಯೊಂದರಿಂದಲೇ ಅದು ಗೋಡೆ ದಾಟಿತು ಎನ್ನಲಾಗದು, ಏಕೆಂದರೆ ಗೋಡೆಯಿಲ್ಲದ ಜಾಗದಿಂದಲೂ ಆ ಏರಿಕೆ ಬರಬಹುದು. ವಾಕರಿಕೆಗೂ ಇದೇ ಮಾತು ಅನ್ವಯಿಸುತ್ತದೆ.

ದಾಟದಿರುವುದೇ ಗುಣವಾಗುವ ಸಂದರ್ಭವೂ ಇದೆ, ಮತ್ತು ಈ ವಿಷಯ ನನಗೆ ಹತ್ತಿರವಾದದ್ದು ಅದರಿಂದಲೇ. ನಮ್ಮ ಬೀದಿಯ ಹಿರಿಯರೊಬ್ಬರು ವಾರಕ್ಕೆ ಮೂರು ಸಲ ಡಯಾಲಿಸಿಸ್‌ಗೆ ಹೋಗುತ್ತಿದ್ದರು. ಸೂಜಿಯ ನೋವನ್ನು ಅವರು ಎಂದೂ ಆಡಿಕೊಂಡವರಲ್ಲ. ರಾತ್ರಿಯಿಡೀ ಕಾಡುತ್ತಿದ್ದ ತುರಿಕೆಯನ್ನು ಮಾತ್ರ ತಡೆಯಲಾರದೆ ಬಾಚಣಿಗೆಯಿಂದ ಬೆನ್ನು ಕೆರೆದು ಬನಿಯನ್ನಿನ ಮೇಲೆ ರಕ್ತದ ಗೆರೆಗಳು ಮೂಡಿರುತ್ತಿದ್ದವು. ಡಯಾಲಿಸಿಸ್ ರೋಗಿಗಳ ಇಂಥ ತುರಿಕೆಗಾಗಿ 2021ರ ಆಗಸ್ಟ್‌ನಲ್ಲಿ ಅಮೆರಿಕದ ಎಫ್‌ಡಿಎ ಒಪ್ಪಿಗೆ ನೀಡಿದ ಡಿಫೆಲಿಕೆಫಲಿನ್ ಒಂದು ಓಪಿಯಾಯ್ಡ್ ಪೆಪ್ಟೈಡ್. ಅದರ ಸರದಲ್ಲಿರುವ ನಾಲ್ಕೂ ಅಮೈನೋ ಆಮ್ಲಗಳು ಡಿ-ರೂಪದವು, ಆದ್ದರಿಂದ ಕಿಣ್ವಗಳು ಅದನ್ನು ತುಂಡರಿಸಲಾರವು. ನೀರನ್ನು ಬಿಡದ ಅದರ ಗುಣದಿಂದ ಅದು ಮಿದುಳಿಗೆ ಹೋಗುವುದು ಬಹಳ ಕಡಿಮೆ. ಇದರಂತೆ ಕಪ್ಪಾ ಎಂಬ ಬಗೆಯ ಓಪಿಯಾಯ್ಡ್ ಗ್ರಾಹಕಗಳನ್ನು ಪ್ರಚೋದಿಸುವ ಔಷಧಗಳು ಮಿದುಳನ್ನು ಹೊಕ್ಕರೆ ಭ್ರಮೆ, ಖಿನ್ನತೆ ತರುತ್ತವೆ; ಇಲ್ಲಿ ಗೋಡೆಯೇ ರೋಗಿಯನ್ನು ಕಾಯುತ್ತದೆ. ಹಾಗಿದ್ದರೂ ಔಷಧದ ಅಧಿಕೃತ ಮಾಹಿತಿಪತ್ರದಲ್ಲಿ ತಲೆಸುತ್ತು, ತೂಕಡಿಕೆಯ ಎಚ್ಚರಿಕೆ ಇದೆ. ‘ಬಹಳ ಕಡಿಮೆ’ ಎಂಬುದನ್ನು ‘ಇಲ್ಲವೇ ಇಲ್ಲ’ ಎಂದು ತಿದ್ದಿ ಬರೆಯದಿರಲು ಇದಕ್ಕಿಂತ ಬೇರೆ ಕಾರಣ ಬೇಡ.

ಈ ಕ್ರಮವನ್ನು ಅಂಗಡಿಯ ಹಾಲಿನ ಮೇಲೂ ಪ್ರಯೋಗಿಸಿ ನೋಡಬಹುದು. ಜಯನಗರದಲ್ಲೋ ಮಲ್ಲೇಶ್ವರದಲ್ಲೋ ದುಬಾರಿ ಬೆಲೆಯ ಎ2 ಹಾಲು ಕೊಳ್ಳುವಾಗ ಕೇಳಿಬರುವ, ಎ1 ಹಾಲು ಕಾಯಿಲೆ ತರುತ್ತದೆ ಎಂಬ ವಾದದ ಮೂಲದಲ್ಲಿರುವುದು ಬೀಟಾ-ಕ್ಯಾಸೊಮಾರ್ಫಿನ್-7 ಎಂಬ ಏಳು ಅಮೈನೋ ಆಮ್ಲಗಳ ಓಪಿಯಾಯ್ಡ್ ಪೆಪ್ಟೈಡ್. ಎ1 ಹಾಲಿನ ಕೇಸಿನ್ ಎಂಬ ಪ್ರೋಟೀನು ಜೀರ್ಣವಾಗುವಾಗ ಅದು ಹೆಚ್ಚಾಗಿ ಬಿಡುಗಡೆಯಾಗಬಲ್ಲದು. ಆದರೆ ಅದು ಕರುಳನ್ನು ಇಡಿಯಾಗಿ ದಾಟಿತೇ, ರಕ್ತದಲ್ಲಿ ಡಿಪಿಪಿ-4 ಕಿಣ್ವದ ಕೈಗೆ ಸಿಗದೆ ಉಳಿಯಿತೇ, ಆಮೇಲೆ ಮಿದುಳನ್ನು ಹೊಕ್ಕಿತೇ ಎಂದು ಒಂದೊಂದಾಗಿ ಕೇಳುತ್ತ ಹೋಗಿ. ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರವು 2009ರಲ್ಲಿ ಈ ಸಾಕ್ಷ್ಯಗಳನ್ನು ಪರಿಶೀಲಿಸಿ, ಈ ಪೆಪ್ಟೈಡಿಗೂ ಹೇಳಲಾಗುವ ಕಾಯಿಲೆಗಳಿಗೂ ಕಾರ್ಯಕಾರಣ ಸಂಬಂಧ ಸಿದ್ಧವಾಗಿಲ್ಲ ಎಂದು ತೀರ್ಮಾನಿಸಿತು.

ಒಂದು ಮಾತು ಬಿಟ್ಟುಹೋಗಬಾರದು. ಇಲ್ಲಿಯವರೆಗೆ ಹೇಳಿದ್ದೆಲ್ಲ ಆರೋಗ್ಯವಂತ ಮಿದುಳಿನ ಗೋಡೆಗೆ ಸಂಬಂಧಿಸಿದ್ದು. ಮಿದುಳಿನ ಪೊರೆಯ ಉರಿಯೂತ, ಪೆಟ್ಟು, ಪಾರ್ಶ್ವವಾಯುಗಳಲ್ಲಿ ಬೆಸುಗೆ ಸಡಿಲವಾಗುತ್ತದೆ. ಅಂಥ ಪ್ರಾಣಿಯಲ್ಲಿ ಪಡೆದ ಅಂಕಿಯನ್ನು ಬೇರೆಯಾಗಿಯೇ ಇಡಬೇಕು.

ಕೊನೆಯಲ್ಲಿ ಸ್ಲೈಡಿನ ಮೇಲೆ ಬರೆಯುವ ವಾಕ್ಯ. ಕಳೆದ ಸಲ ‘ಡಿಪಿಡಿಪಿಇ ಮಿದುಳಿಗೆ ದಾಟುತ್ತದೆ’ ಎಂದು ಬರೆದಿದ್ದ ವಿದ್ಯಾರ್ಥಿನಿ, ವಿಧಾನದ ಪುಟಗಳನ್ನು ಪೂರ್ತಿ ಓದಿ ಬಂದ ಮೇಲೆ ಅದನ್ನು ಹೊಡೆದುಹಾಕಿ ಹೀಗೆ ತಿದ್ದಿದಳು: ‘ರಕ್ತನಾಳಕ್ಕೆ ಕೊಟ್ಟ ಡಿಪಿಡಿಪಿಇ ಇಲಿಯ ಮಿದುಳನ್ನು ಇಡಿಯಾಗಿಯೇ, ಆದರೆ ಅಲ್ಪ ಪ್ರಮಾಣದಲ್ಲಿ ತಲುಪುತ್ತದೆ, ಪಿ-ಗ್ಲೈಕೋಪ್ರೋಟೀನ್ ಅದನ್ನು ಹೊರದೂಡುತ್ತದೆ, ಮನುಷ್ಯರಲ್ಲಿ ಎಷ್ಟು ಹೋಗುತ್ತದೆ ಎಂಬುದನ್ನು ಈ ಪ್ರಯೋಗ ಅಳೆದಿಲ್ಲ.’ ಮೂರು ಸಾಲು ಹಿಡಿಯಿತು, ಸ್ಲೈಡಿನ ಚಿತ್ರವನ್ನು ಸ್ವಲ್ಪ ಚಿಕ್ಕದು ಮಾಡಬೇಕಾಯಿತು. ನಾನು ಅದನ್ನು ಹಾಗೆಯೇ ಒಪ್ಪಿದೆ.